ಕರಗಬಾರದ ಗಡ್ಡೆ

ಕಸ್ತೂರಿಯ ಹೊಟ್ಟೆಯಲ್ಲಿದ್ದ ಕೂಸಿನ ಹೃದಯದಲ್ಲಿ ಮೂರು ಗಡ್ಡೆಗಳಿವೆ ಎಂದು ಗೊತ್ತಾದದ್ದು ಏಳನೆಯ ತಿಂಗಳಿನ ಸ್ಕ್ಯಾನಿನಲ್ಲಿ. ಆ ದಿನ ಬೆಳಗಿನ ಪಾಳಿ ಮುಗಿಸಿಕೊಂಡು ಅವಳು ನೇರ ಆಸ್ಪತ್ರೆಗೆ ಬಂದಿದ್ದಳು. ಹುಬ್ಬಳ್ಳಿಯ ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಅವಳದು ಪರದೆ ಕಾಯುವ ಕೆಲಸ. ಗದಗಿನ ಕಡೆಯ ಹಳಿಗಳ ಮೇಲೆ ಯಾವ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಮುಂದೆ ಬಿಡಬೇಕು ಎಂದು ಸ್ಟೇಷನ್ ಮಾಸ್ತರರಿಗೆ ಹೇಳುತ್ತ ಕೂರಬೇಕು. ಕಾಲು ಬಾತಿದ್ದವು. ಗಂಡ ರಾಚಪ್ಪ ರೈಲ್ವೆ ವರ್ಕ್‌ಶಾಪಿನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು.

ಹೊಟ್ಟೆಯೊಳಗಿನ ಮಗುವಿನ ಹೃದಯವನ್ನು ಬೆಳಕಿನ ಗೊಂಬೆಯಂತೆ ಮೇಜಿನ ಮೇಲೆ ಮೂಡಿಸಿ, ಸುತ್ತ ತಿರುಗಿಸಿ ನೋಡುವ ಯಂತ್ರಗಳು ಆ ಹೊತ್ತಿಗೆ ಬಂದಿದ್ದವು. ಮಕ್ಕಳ ಹೃದಯದ ಡಾಕ್ಟರು ತಸ್ನೀಮ್ ನದಾಫ್ ಆ ಗೊಂಬೆಯನ್ನು ತಿರುಗಿಸಿ, ಒಳಗಿನ ಮೂರು ಉಬ್ಬುಗಳನ್ನು ತೋರಿಸಿದರು. ಎರಡು ಜೋಳದ ಕಾಳಿನಷ್ಟು. ಒಂದು ಕಡಲೆಯಷ್ಟು.

"ಮೊದಲ ಹೇಳಿಬಿಡ್ತೀನಿ, ಇದು ಕ್ಯಾನ್ಸರ್ ಅಲ್ಲ," ಎಂದರು ಅವರು. "ರ್‍ಯಾಬ್ಡೊಮಯೋಮ ಅಂತಾರ ಇದಕ್ಕ. ಹೊಟ್ಟ್ಯಾಗ ಇದ್ದಾಗ ಬೆಳೀತಾವ, ಹುಟ್ಟಿದ ಮ್ಯಾಲೆ ತಾವ ಕರಗಿ ಹೋಗ್ತಾವ."

"ಹಂಗಾರ ಚಿಂತಿ ಇಲ್ಲಲ್ರಿ?" ಎಂದ ರಾಚಪ್ಪ.

ಡಾಕ್ಟರು ಕಸ್ತೂರಿಯ ಮುಖವನ್ನು ನೋಡುತ್ತಿದ್ದರು. "ಮೂಗಿನ ಬಾಜೂಕ ಈ ಗುಳ್ಳಿ ಯಾವಾಗಿಂದ ಅದಾವ?"

"ಸಣ್ಣಾಕಿ ಇದ್ದಾಗಿಂದ ಅದಾವ್ರಿ. ಮೊಡವಿ ಅಂತ ಎಷ್ಟ್ ಮುಲಾಮು ಹಚ್ಚೀನಿ, ಹೋಗವಲ್ಲವು."

ಡಾಕ್ಟರು ಅವಳ ಕಾಲಿನ ಉಗುರುಗಳನ್ನು ನೋಡಿದರು. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಸಣ್ಣದೊಂದು ಮಾಂಸದ ಕುಡಿ ಇತ್ತು. ಆಮೇಲೆ ಕೋಣೆ ಕತ್ತಲು ಮಾಡಿ, ನೀಲಿ ದೀಪ ಹಿಡಿದು ಬೆನ್ನು ನೋಡಿದರು. ಬರಿಗಣ್ಣಿಗೆ ಕಾಣದ ಬಿಳಿಯ ಮಚ್ಚೆಯೊಂದು ಎಲೆಯ ಆಕಾರದಲ್ಲಿ ಹೊಳೆಯಿತು.

"ನಿಮ್ಮ ಮನ್ಯಾಗ ಯಾರಿಗಾದ್ರೂ ಮೂರ್ಛೆ ಬರ್ತಿತ್ತೇನು?"

ಕಸ್ತೂರಿ, "ನಮ್ಮಣ್ಣಗ," ಎಂದಳು.

ಆ ಕಾಯಿಲೆಯ ಹೆಸರು ಟ್ಯೂಬರಸ್ ಸ್ಕ್ಲೆರೋಸಿಸ್. ಮೈಯ ಜೀವಕೋಶಗಳು ಅತಿಯಾಗಿ ಬೆಳೆಯದಂತೆ ಬ್ರೇಕು ಹಾಕುವ ಎರಡು ಜೀನುಗಳಿವೆ. ಅವುಗಳಲ್ಲಿ ಒಂದು ಕೆಟ್ಟರೆ ಮಿದುಳು, ಚರ್ಮ, ಮೂತ್ರಪಿಂಡ, ಹೃದಯ ಎಲ್ಲೆಂದರಲ್ಲಿ ಗಂಟುಗಳು ಏಳುತ್ತವೆ. ಕೂಸಿನಲ್ಲಿ ಮೊದಲು ಕಾಣುವುದು ಹೃದಯದ್ದು. ಅದು ಕರಗುತ್ತದೆ, ತೊಂದರೆ ಇಲ್ಲ. ಆದರೆ ಮಿದುಳಿನಲ್ಲಿರುವವು ಕರಗುವುದಿಲ್ಲ. ಹುಟ್ಟಿದ ಕೆಲವೇ ತಿಂಗಳಲ್ಲಿ ಮೂರ್ಛೆ ಶುರುವಾಗಬಹುದು, ಮಾತು ಬುದ್ಧಿ ಅಲ್ಲಿಗೇ ನಿಲ್ಲಲೂಬಹುದು. ಒಬ್ಬರಿಗೆ ಮುಖದ ಮೇಲೆ ನಾಲ್ಕು ಗುಳ್ಳೆ, ಇನ್ನೊಬ್ಬರಿಗೆ ಜೀವಮಾನವಿಡೀ ಮೂರ್ಛೆ. ಒಂದೇ ಮನೆಯಲ್ಲಿ ಯಾರಿಗೆ ಎಷ್ಟು ಎಂದು ಮುಂಚೆ ಹೇಳಲು ಬರುವುದಿಲ್ಲ.

"ಅಂದ್ರ ನನ್ನಿಂದ ಬಂದದ್ದು," ಎಂದಳು ಕಸ್ತೂರಿ.

"ನಿಮಗೂ ಯಾರಿಂದನೋ ಬಂದದ," ಎಂದರು ತಸ್ನೀಮ್.

ಅಣ್ಣ ಮಲ್ಲೇಶಿಯನ್ನು ಕಸ್ತೂರಿ ಹತ್ತಿರದಿಂದ ನೋಡಿದವಳು. ಇಪ್ಪತ್ತು ದಾಟಿದರೂ ಅವನಿಗೆ ಮಾತು ಬಂದಿರಲಿಲ್ಲ. ಅವಳು ಶಾಲೆಯಿಂದ ಮನೆಗೆ ಬರುವ ಹೊತ್ತಿಗೆ ಅವನು ನೆಲದ ಮೇಲೆ ಬಿದ್ದು ಕೈಕಾಲು ಬಡಿಯುತ್ತಿರುತ್ತಿದ್ದ. ಅವ್ವ ಅವನ ತಲೆಯ ಕೆಳಗೆ ಸೆರಗು ಒಟ್ಟಿ ಕುಳಿತಿರುತ್ತಿದ್ದಳು. ಅಂಥದೊಂದು ಸಂಜೆ ಬಿದ್ದವನು ಏಳಲೇ ಇಲ್ಲ. ಅದಕ್ಕೇ ತಸ್ನೀಮ್ ಹೊಸ ಚಿಕಿತ್ಸೆಯೊಂದರ ಮಾತು ತೆಗೆದಾಗ ಕಸ್ತೂರಿ ಗಂಡನ ಮುಖ ಕೂಡ ನೋಡದೆ ಒಪ್ಪಿಕೊಂಡಳು.

ಆ ಚಿಕಿತ್ಸೆಯ ಹಿಂದಿದ್ದದ್ದು ಒಂದು ವಿಚಿತ್ರ ಯೋಚನೆ. ಹೇಗೂ ಕರಗಿ ಹೋಗುವ ಹೃದಯದ ಗಡ್ಡೆಯನ್ನು ಕರಗಲು ಬಿಡದೆ ದುಡಿಸಿಕೊಂಡರೆ? ಕೂಸು ಹುಟ್ಟಿದ ಮೊದಲ ವಾರದಲ್ಲಿ, ಹೊಕ್ಕುಳಿನ ರಕ್ತನಾಳದಿಂದ ಕೂದಲೆಳೆಯಂಥ ನಳಿಗೆ ತೂರಿಸಿ, ದೊಡ್ಡ ಗಡ್ಡೆಯೊಳಕ್ಕೆ ನಿರುಪದ್ರವಿ ವೈರಾಣುಗಳನ್ನು ಬಿಡುತ್ತಾರೆ. ಅವು ಹೊತ್ತೊಯ್ಯುವುದು ಸರಿಯಾದ ಜೀನನ್ನು. ಆಗ ಗಡ್ಡೆಯ ಕೋಶಗಳೇ ಮೈಗೆ ಬೇಕಾದ ಬ್ರೇಕಿನ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಮಿದುಳಿನೊಳಕ್ಕೂ ನುಸುಳುವಂತೆ ಆ ಪ್ರೋಟೀನಿಗೆ ಒಂದು ಬಾಲ ಅಂಟಿಸಿರುತ್ತಾರೆ. ಹೃದಯವೇ ಪಂಪು, ಪ್ರತಿ ಬಡಿತಕ್ಕೂ ಔಷಧಿ ತಲೆಗೆ ಏರುತ್ತದೆ. ತೊಡಕು ಒಂದೇ. ತಾಯಿಯ ಹೊಟ್ಟೆಯಲ್ಲಿ ಸಿಗುತ್ತಿದ್ದ ಹಾರ್ಮೋನು ನಿಂತ ಕೂಡಲೇ ಗಡ್ಡೆ ಸೊರಗತೊಡಗುತ್ತದೆ. ಅದಕ್ಕಾಗಿ ದಿನಾ ಬೆಳಿಗ್ಗೆ ಮಗುವಿನ ಬೆನ್ನಿಗೊಂದು ಹಾರ್ಮೋನಿನ ಪಟ್ಟಿ ಅಂಟಿಸಬೇಕು. ಪಟ್ಟಿ ತಪ್ಪಿದರೆ ಗಡ್ಡೆ ಕೆಲವು ತಿಂಗಳಲ್ಲಿ ಕರಗುತ್ತದೆ, ಔಷಧಿ ನಿಲ್ಲುತ್ತದೆ.

"ಹೃದಯದಾಗ ಗಡ್ಡಿ ಇಟ್ಕೊಂಡು ಕೂಸು ಹೆಂಗ ಬೆಳೀತೈತ್ರಿ?" ರಾಚಪ್ಪ ಕೇಳಿದ.

"ಬಡಿತ ಏರುಪೇರು ಆಗಬಹುದು. ಅದನ್ನ ನಾವು ಇಲ್ಲಿಂದ ಕಾಯ್ತೀವಿ, ಮನ್ಯಾಗ ನೀವು ಕಾಯಬೇಕು," ಎಂದರು ತಸ್ನೀಮ್. "ಸುಲಭ ಅಂತ ನಾ ಹೇಳಂಗಿಲ್ಲ."

*

ಹುಡುಗಿಗೆ ನೀಲಾಂಬಿಕೆ ಎಂದು ಹೆಸರಿಟ್ಟರು. ಕರೆಯುವುದು ನೀಲು. ಜೋಳದ ಕಾಳಿನಂಥ ಎರಡು ಗಡ್ಡೆಗಳು ಪಟ್ಟಿಯನ್ನೂ ಲೆಕ್ಕಿಸದೆ ಒಂದು ವರ್ಷದೊಳಗೆ ಕರಗಿದವು. ದೊಡ್ಡದು ಉಳಿಯಿತು. ಮೂರ್ಛೆ ಬರಬೇಕಾಗಿದ್ದ ತಿಂಗಳುಗಳು ಕಳೆದವು, ಬರಲಿಲ್ಲ. ವರ್ಷ ತುಂಬುವ ಮೊದಲೇ ನೀಲು "ಪಪ್ಪಾ" ಎಂದಳು. ಆಮೇಲೆ ಅವಳ ಬಾಯಿ ನಿಲ್ಲಲೇ ಇಲ್ಲ. ಗೋಡೆಯ ಮೇಲಿನ ಹಲ್ಲಿಗೂ ಕತೆ ಹೇಳುತ್ತಿದ್ದಳು. ರೈಲ್ವೆ ಕಾಲೊನಿಯ ಹೆಂಗಸರು, "ಕಂಟ್ರೋಲರ್ ಮಗಳಲ್ಲೇನು, ಮೈಕು ಹಿಡಕೊಂಡ ಹುಟ್ಟ್ಯಾಳ," ಎಂದು ನಗುತ್ತಿದ್ದರು.

ಅವಳ ಎಡ ಎದೆಯ ಮೇಲೆ ನಾಣ್ಯದಷ್ಟಗಲದ ಮೆತ್ತನೆಯ ಬಿಲ್ಲೆಯೊಂದು ಅಂಟಿರುತ್ತಿತ್ತು. ಅದು ಪ್ರತಿ ಬಡಿತವನ್ನೂ ಆಸ್ಪತ್ರೆಗೆ ಕಳಿಸುತ್ತಿತ್ತು. ಬಡಿತ ತಪ್ಪಿದರೆ ಮನೆಯಲ್ಲಿ ಚಿಲಿಪಿಲಿಗುಟ್ಟುತ್ತಿತ್ತು. ಆಗ ಅವಳನ್ನು ಅಂಗಾತ ಮಲಗಿಸಿ, ಮುಖಕ್ಕೆ ತಣ್ಣೀರಿನ ಬಟ್ಟೆ ಹಾಕಿ, ಕಾಲು ಎತ್ತಿ ಹಿಡಿಯಬೇಕು. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು. ಸರಿಹೋಗದಿದ್ದರೆ ಮೂಗಿಗೆ ಔಷಧಿ ಹೊಡೆಯಬೇಕು. ಯಾವಾಗ ಚಿಲಿಪಿಲಿಗುಟ್ಟುತ್ತದೆ ಎಂದು ಹೇಳುವಂತಿರಲಿಲ್ಲವಾದ್ದರಿಂದ ಇಬ್ಬರಲ್ಲಿ ಒಬ್ಬರು ಯಾವಾಗಲೂ ಎಚ್ಚರ ಇರಬೇಕಿತ್ತು.

ಇಬ್ಬರೂ ಪಾಳಿ ಹಾಕಿಕೊಂಡರು. ಕಸ್ತೂರಿ ಆಫೀಸಿನಲ್ಲಿ ಗಾಡಿಗಳನ್ನು ಕಾಯುತ್ತಿದ್ದಳು, ಮನೆಗೆ ಬಂದು ಮಗಳನ್ನು ಕಾಯುತ್ತಿದ್ದಳು. ರಾಚಪ್ಪ ವರ್ಕ್‌ಶಾಪಿನ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಬೋಗಿಯ ನೆರಳಲ್ಲಿ ಮಲಗುತ್ತಿದ್ದ. ಬಂಧುಗಳ ಮದುವೆಗೆ ಹೋಗುವುದು ನಿಂತಿತು. ಮನೆಯಲ್ಲಿ ಮಿಕ್ಸರ್ ಹಾಕುವುದೂ ನಿಂತಿತು, ಆ ಸದ್ದಿನಲ್ಲಿ ಬಿಲ್ಲೆಯ ಸದ್ದು ಕೇಳಿಸುವುದಿಲ್ಲ ಎಂದು. ಕಸ್ತೂರಿ ಚಟ್ನಿಯನ್ನು ಒರಳಿನಲ್ಲಿ ರುಬ್ಬತೊಡಗಿದಳು. ಗಂಡಹೆಂಡಿರ ನಡುವೆ ಜಗಳವಾದರೆ ಒಂದೇ ವಿಷಯಕ್ಕೆ.

"ನಿಮ್ಮ ಪಾಳಿ ಇತ್ತು. ನಿದ್ದಿ ಹೊಡೀತಿದ್ರಿ."

"ಕಣ್ಣು ಮುಚ್ಚಿದ್ದೆ ಅಷ್ಟ. ಕಿವಿ ತೆರದಿತ್ತು."

"ಗೊರಕಿ ಕೇಳ್ತಿತ್ತಲ್ರಿ!"

ಜಗಳವನ್ನು ಕೊನೆಯವರೆಗೆ ಆಡುವಷ್ಟು ತ್ರಾಣವೂ ಇಬ್ಬರಲ್ಲಿ ಇರುತ್ತಿರಲಿಲ್ಲ. ನಡುವೆಯೇ ಒಬ್ಬರು ಎದ್ದು ಚಹಾಕ್ಕೆ ಇಡುತ್ತಿದ್ದರು.

ನೀಲು ಮಾತ್ರ ಇದನ್ನೆಲ್ಲ ಮಾಮೂಲಿ ಎಂದುಕೊಂಡೇ ಬೆಳೆದಳು. ಓಡಬಾರದು, ಜಿಗಿಯಬಾರದು, ಜೋರಾಗಿ ಅಳಬಾರದು. ಶಾಲೆಗೆ ಸೇರಿದಾಗ ಟೀಚರಿಗೆ ತಾನೇ ಬಿಲ್ಲೆ ತೋರಿಸಿ, "ಇದು ಕೂಗಿದ್ರ ನನ್ನ ಮಲಗಸ್ರಿ, ಅಂಜಬ್ಯಾಡ್ರಿ," ಎಂದು ಹೇಳಿಕೊಟ್ಟಿದ್ದಳು.

*

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಒಂದು ಕಾವಲು ಕೋಣೆ ಇತ್ತು. ಗೋಡೆಯ ತುಂಬ ಹಸಿರು ಗೆರೆಗಳು ಹರಿಯುತ್ತಿದ್ದವು. ಒಂದೊಂದು ಗೆರೆ ಇದೇ ಚಿಕಿತ್ಸೆಯ ಒಂದೊಂದು ಮಗು. ಬೀದರಿನದು, ಶಿರಸಿಯದು, ಸಾಂಗಲಿಯದು. ಈ ಮಕ್ಕಳು ಹುಟ್ಟಿದಾಗಿನಿಂದ ತಸ್ನೀಮ್ ಇವನ್ನು ನೋಡುತ್ತಿದ್ದರು. ಹೆಸರಿನ ಪಟ್ಟಿಯನ್ನು ಮುಚ್ಚಿದರೂ ಗೆರೆಯ ನಡಿಗೆಯಿಂದಲೇ ಯಾವ ಮಗು ಎಂದು ಹೇಳುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ; ಅಕ್ಕನ ಮನೆಯ ಮಹಡಿಯ ಮೇಲೆ ಇರುತ್ತಿದ್ದರು. ಅಕ್ಕ ಊಟಕ್ಕೆ ಕರೆದರೆ ತಾಟಿನ ಪಕ್ಕದಲ್ಲೂ ಒಂದು ಸಣ್ಣ ಪರದೆ ಇರುತ್ತಿತ್ತು. ಮಕ್ಕಳು ಬೆಳೆದಂತೆ ಹೃದಯ ಹಿಗ್ಗಿತು, ಗಡ್ಡೆ ಇದ್ದಲ್ಲಿ ಬಡಿತದ ಸಂಕೇತ ಹರಿಯುವ ದಾರಿ ಎಳೆದಂತಾಗಿ ಗೆರೆಗಳು ಮೊದಲಿಗಿಂತ ಹೆಚ್ಚು ತಪ್ಪತೊಡಗಿದ್ದವು. ಆಗಲೇ ಅವರು ಅದನ್ನು ಗಮನಿಸಿ ಚಿಕಿತ್ಸೆಯ ಉಸ್ತುವಾರಿ ಸಮಿತಿಗೆ ಹೇಳಿದ್ದರು. ಇನ್ನಷ್ಟು ನೋಡೋಣ ಎಂದಿತು ಸಮಿತಿ.

ವಿಜಯಪುರದ ಸಮರ್ಥ ಎಂಬ ಹುಡುಗನ ಗೆರೆ ತಪ್ಪಿದ್ದು ಒಂದು ಮಧ್ಯಾಹ್ನ. ನೀಲುವಿಗಿಂತ ಸ್ವಲ್ಪ ದೊಡ್ಡವನು. ಶಾಲೆಯ ಅಂಗಳದಲ್ಲಿ ಗೆಳೆಯರು ಚೆಂಡು ಆಡುತ್ತಿದ್ದರು. ಚೆಂಡು ತನ್ನ ಕಡೆಗೆ ಬಂದದ್ದೇ ಇವನೂ ಅದರ ಹಿಂದೆ ಓಡಿದ. ಗೆರೆ ಮೊದಲು ಒತ್ತೊತ್ತಾಗಿ ಗುಡ್ಡದ ಸಾಲಿನಂತೆ ಎದ್ದಿತು, ಆಮೇಲೆ ನಡುಗತೊಡಗಿತು.

"ಶಾಲಿಗೆ ಫೋನ್ ಹಚ್ಚು, ಆಂಬುಲೆನ್ಸ್ ಕಳಸು," ಎಂದು ತಸ್ನೀಮ್ ಪಕ್ಕದಲ್ಲಿದ್ದ ನರ್ಸಿಗೆ ಕೂಗಿದರು. ಎಲ್ಲವೂ ಆಯಿತು. ಮಾಸ್ತರರು ಓಡಿಬಂದು ಹುಡುಗನನ್ನು ಮಲಗಿಸಿದರು, ಮೂಗಿಗೆ ಔಷಧಿ ಹೊಡೆದರು, ಎದೆ ಒತ್ತಿದರು. ಆಂಬುಲೆನ್ಸ್ ತಡಮಾಡಲಿಲ್ಲ. ಯಾರೂ ತಪ್ಪು ಮಾಡಲಿಲ್ಲ. ತಸ್ನೀಮ್ ಗೋಡೆಯ ಮುಂದೆ ನಿಂತೇ ಇದ್ದರು. ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಗೆರೆ ಚಪ್ಪಟೆಯಾದ ಮೇಲೂ ಅವರು ಕೂರಲಿಲ್ಲ. ನರ್ಸು ಕುರ್ಚಿ ತಂದು ಹಿಂದೆ ಇಟ್ಟಳು.

ಹುಡುಗನ ತಂದೆಗೆ ಫೋನ್ ಮಾಡಿದ್ದು ತಸ್ನೀಮ್ ಅವರೇ. ಆ ಮನುಷ್ಯ ಬೈಯಲಿಲ್ಲ. "ಅವ ಭಾಳ ಮಾತಾಡ್ತಿದ್ದ ನೋಡ್ರಿ ಮೇಡಂ," ಎಂದಷ್ಟೇ ಹೇಳಿ ಫೋನನ್ನು ಹಾಗೇ ಹಿಡಿದುಕೊಂಡಿದ್ದ.

*

ಸಮಿತಿ ಈಗ ತೀರ್ಮಾನವನ್ನು ಮನೆಯವರಿಗೇ ಬಿಟ್ಟಿತು. ಪಟ್ಟಿ ಮುಂದುವರಿಸುವುದಾದರೆ ಮುಂದುವರಿಸಬಹುದು, ನಿಲ್ಲಿಸುವುದಾದರೆ ನಿಲ್ಲಿಸಬಹುದು. ತಸ್ನೀಮ್ ಒಬ್ಬೊಬ್ಬರನ್ನೇ ಕರೆದು ಕೂರಿಸಿ ಮಾತಾಡಿದರು. ಕಸ್ತೂರಿ ಮತ್ತು ರಾಚಪ್ಪನ ಸರದಿಯೂ ಬಂತು.

"ಆ ಗಡ್ಡಿ ಕತ್ತರಿಸಿ ತಗೀಲಿಕ್ಕೆ ಬರೂದಿಲ್ಲೇನ್ರಿ?" ರಾಚಪ್ಪ ಕೇಳಿದ.

"ಬಡಿತದ ದಾರಿ ಮ್ಯಾಲೇ ಕೂತದ. ಕತ್ತರಿಸಿದ್ರ ದಾರೀನೂ ಹೋಗ್ತದ."

"ಎದ್ಯಾಗ ಮಷೀನ್ ಕೂಡಸ್ತಾರಲ್ರಿ, ಶಾಕ್ ಕೊಡೂದು?"

"ಇಬ್ಬರು ಮಕ್ಕಳಿಗೆ ಕೂಡಸಿ ನೋಡೀವಿ. ಬ್ಯಾಡಾದಾಗೂ ಶಾಕ್ ಕೊಡ್ತದ. ಆ ಮಕ್ಕಳು ಈಗ ಮಲಗ್ಲಿಕ್ಕೇ ಅಂಜತಾವ."

"ಪಟ್ಟಿ ನಿಲ್ಲಿಸಿದ್ರ ಮೂರ್ಛೆ ಬರತೈತೇನು?" ಇದು ಕಸ್ತೂರಿಯ ಪ್ರಶ್ನೆ.

ತಸ್ನೀಮ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಗೊತ್ತಿಲ್ಲ ಕಸ್ತೂರಿ. ಒಂದು ಕೂಸಿನ ಗಡ್ಡಿ ಪಟ್ಟಿ ಇದ್ದರೂ ಕರಗಿತ್ತು, ಅದಕ್ಕ ಮೂರ್ಛೆ ಬಂತು. ಇನ್ನೊಂದರದೂ ಕರಗಿತ್ತು, ಅದಕ್ಕ ಇವತ್ತಿನ ತನಕ ಬಂದಿಲ್ಲ. ಮಿದುಳು ಬೆಳಿಯೋ ಮೊದಮೊದಲಿನ ವರ್ಷಗಳು ಚಲೋ ದಾಟ್ಯಾವ, ಅದು ಸುಳ್ಳಲ್ಲ. ಗುಳಿಗಿ ಅದಾವ, ಕೊಡ್ತೀವಿ. ಅವು ಇದರಷ್ಟು ಕೆಲಸ ಮಾಡಂಗಿಲ್ಲ. ಇದಕ್ಕಿಂತ ಹೆಚ್ಚು ಹೇಳಿದ್ರ ನಾ ಊಹಿಸಿ ಹೇಳಿದಂಗ ಆಗ್ತದ."

ಮನೆಗೆ ಬಂದ ಮೇಲೆ ರಾಚಪ್ಪ, "ನಿಲ್ಲಿಸಿಬಿಡೂಣು," ಎಂದ. ಕಸ್ತೂರಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನೀವು ನೋಡಿಲ್ಲ, ಮೂರ್ಛೆ ಹೆಂಗಿರತೈತಿ ಅಂತ. ನಾ ನೋಡೀನಿ. ಈಗ ಮಾತಾಡಾಕತ್ತಾಳಲ್ಲ, ಈ ಮಾತೆಲ್ಲಾ ಹೋಗತಾವ."

"ಜೀವಾನ ಹೋದ್ರ?"

"ನಾ ಕಾಯ್ತೀನಿ. ಕೆಲಸ ಬಿಡ್ತೀನಿ, ಸಾಲ್ಯಾಗ ಅಕಿ ಬಾಜೂಕ ಕುಂದರ್ತೀನಿ."

"ಆ ಹುಡುಗನ್ನೂ ಕಾಯ್ದಿದ್ರು," ಎಂದ ರಾಚಪ್ಪ ಮೆಲ್ಲಗೆ. ಕಸ್ತೂರಿ ಮೊರವನ್ನು ಅಲ್ಲೇ ಬಿಟ್ಟು ಎದ್ದುಹೋದಳು.

*

ವಾರದ ರಜೆಯ ದಿನ ಅವಳು ನೀಲುವನ್ನು ಕರೆದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಅಣ್ಣಿಗೇರಿಗೆ ಹೋದಳು. ಅವ್ವ ಪಾರವ್ವ ಅಲ್ಲಿ ತಂಗಿಯ ಜೊತೆ ಚುರುಮುರಿ ಭಟ್ಟಿ ನಡೆಸುತ್ತಿದ್ದಳು. ಬೆಂಕಿಯ ಮುಂದೆ ಕೂತು ಕೂತು ಕೈಗಳು ಕಂದಿದ್ದವು. ಕಾದ ಉಸುಕಿಗೆ ಅಕ್ಕಿ ಬೀಳುತ್ತಿದ್ದಂತೆ ಚಟಪಟ ಅರಳಿ, ಬುಟ್ಟಿಗೆ ಸುರಿಯುತ್ತಿತ್ತು. ನೀಲು ಹಿಡಿ ಬಿಸಿ ಚುರುಮುರಿ ತೆಗೆದುಕೊಂಡು, ಭಟ್ಟಿಯ ಹೊರಗೆ ಆಡುತ್ತಿದ್ದ ಹುಡುಗಿಯರ ಹತ್ತಿರ ಹೋಗಿ ನಿಂತಳು.

ಕಸ್ತೂರಿ ಎಲ್ಲವನ್ನೂ ಹೇಳಿದಳು. ಡಾಕ್ಟರು ಹೇಳಿದ್ದು, ವಿಜಯಪುರದ ಹುಡುಗ ಹೋದದ್ದು, ಗಂಡ ಅಂದದ್ದು. ಕೊನೆಗೆ, "ಅಣ್ಣನಂಗ ಅಕಿ ನೆಲಕ್ಕ ಬಿದ್ದು ಒದ್ದಾಡೂದು ನೋಡಾಕ ನನ್ನ ಕೈಲಿ ಆಗೂದಿಲ್ಲವ್ವಾ," ಎಂದಳು. "ನೀನಾರ ಹೇಳು. ನಿನಗ ಗೊತ್ತೈತಿ. ಇಪ್ಪತ್ತೆರಡು ವರ್ಷ ಬರೇ ಅದನ್ನ ನೋಡಿದಾಕಿ ನೀನು."

ಪಾರವ್ವ ಜರಡಿಯಿಂದ ಉಸುಕು ಕೊಡವಿದಳು.

"ಬರೇ ಅದನ್ನ ನೋಡೀನಿ ಅಂತ ಯಾರ್ ಹೇಳಿದ್ರು ನಿನಗ? ಬಂದಾಗ ಬರ್ತಿತ್ತು, ಹೋಗ್ತಿತ್ತು. ಉಳಿದ ಹೊತ್ತು ಅವ ನನ್ನ ಮಗಾ ಆಗಿ ಇದ್ದ. ಮುಂಜಾನಿ ಇಲ್ಲೇ ಕುಂದರ್ತಿದ್ದ, ನೀ ಕುಂತೀಯಲ್ಲ, ಅಲ್ಲೇ. ಅಕ್ಕಿ ಚಟಪಟ ಅಂದಾಗೆಲ್ಲಾ ನಗ್ತಿದ್ದ. ದಿನಾ. ಅದಕ್ಕ ಬ್ಯಾಸರಾ ಅನ್ನೂದ ಇರ್ಲಿಲ್ಲ. ಅವಗ ಜಾಸ್ತಿ ಬರ್ತಿದ್ದುದು ಸಂಜಿಗೆ. ನೀ ಸಾಲಿ ಬಿಟ್ಟು ಬರೂ ಹೊತ್ತಿಗೆ. ನೀ ಬರೇ ಸಂಜಿ ನೋಡಿದಿ."

ಕಸ್ತೂರಿ ತಾನು ಕೂತ ಜಾಗವನ್ನು ನೋಡಿಕೊಂಡಳು.

"ದಣಿವು ಇರ್ಲಿಲ್ಲ ಅನ್ನೂದಿಲ್ಲ ನಾ," ಎಂದಳು ಪಾರವ್ವ. "ಸುಳ್ಳ್ಯಾಕ ಹೇಳ್ಲಿ? ಅವನ್ನ ಮಣ್ಣು ಮಾಡಿ ಬಂದಾಕಿ ಮಲಗಿದೆ. ಮರುದಿನ ಮಧ್ಯಾಹ್ನ ಎದ್ದೆ. ಎದ್ದ ಮ್ಯಾಲೆ ಅತ್ತೆ. ಏನ್ ಮಾಡಬೇಕು ಅಂತ ನಾ ನಿನಗ ಹೇಳೂದಿಲ್ಲ. ಆದ್ರ ಮಲ್ಲೇಶಿ ಹೆಸರು ಹೇಳ್ಕೋಂತ ಅಂಜಬ್ಯಾಡ. ಅವ ಅಂಜಿಕಿ ಅಲ್ಲ."

ಹೊರಗೆ ಹುಡುಗಿಯರು ಮುಟ್ಟಾಟ ಶುರು ಮಾಡಿದ್ದರು. ಒಬ್ಬಳು ನೀಲುವಿನ ಬೆನ್ನು ಮುಟ್ಟಿ ಓಡಿದಳು. ನೀಲು ಅವಳ ಹಿಂದೆ ನಾಲ್ಕು ಹೆಜ್ಜೆ ಓಡಿದಳು. ಕೂಗಿ ನಿಲ್ಲಿಸಲು ಕಸ್ತೂರಿ ಬಾಯಿ ತೆರೆದಳು. ಕೂಗುವ ಅಗತ್ಯ ಬೀಳಲಿಲ್ಲ. ನೀಲು ತಾನಾಗಿಯೇ ಗಕ್ಕನೆ ನಿಂತು, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ತಲೆ ಬಗ್ಗಿಸಿ ಒಳಗಿನ ಸದ್ದು ಆಲಿಸುತ್ತಿದ್ದಳು. ಮುದುಕರು ಮೆಟ್ಟಿಲು ಹತ್ತಿ ನಿಂತು ಉಸಿರು ನೋಡಿಕೊಳ್ಳುವ ಹಾಗೆ. ಹುಡುಗಿಯರು ಅವಳಿಗಾಗಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಅವಳನ್ನು ಬಿಟ್ಟು ಆಟ ಮುಂದುವರಿಸಿದರು.

ಸಂಜೆ ಮನೆಗೆ ಬಂದವಳೇ ಕಸ್ತೂರಿ ಗಂಡನಿಗೆ, "ನಾಳಿಂದ ಪಟ್ಟಿ ಬ್ಯಾಡ," ಎಂದಳು.

*

ಗಡ್ಡೆ ಕರಗಲು ಮಳೆಗಾಲದಿಂದ ಸಂಕ್ರಾಂತಿಯವರೆಗೆ ಹಿಡಿಯಿತು. ತಿಂಗಳಿಗೊಮ್ಮೆ ತಸ್ನೀಮ್ ಬೆಳಕಿನ ಗೊಂಬೆಯನ್ನು ತಿರುಗಿಸಿ ತೋರಿಸುತ್ತಿದ್ದರು. ಕಡಲೆ ತೊಗರಿಯಾಯಿತು, ತೊಗರಿ ಸಾಸಿವೆಯಾಯಿತು, ಒಂದು ದಿನ ಹುಡುಕಿದರೂ ಸಿಗಲಿಲ್ಲ. ಬಡಿತ ನೆಟ್ಟಗಾಯಿತು. ಎದೆಯ ಬಿಲ್ಲೆಯನ್ನು ತೆಗೆದಾಗ ಅದರಡಿಯ ಚರ್ಮ ಬೇರೆಯೇ ಬಣ್ಣಕ್ಕೆ ತಿರುಗಿತ್ತು. ಶಾಲೆಯಲ್ಲಿ ನೀಲು ಓಡಿದಳು, ಬಿದ್ದಳು, ಮೊಣಕಾಲು ತರಚಿಕೊಂಡು ಬಂದಳು. ರಾಚಪ್ಪ ಆ ಗಾಯಕ್ಕೆ ಅರಿಸಿನ ಹಚ್ಚುತ್ತ ಸುಮ್ಮನೆ ನಗುತ್ತಿದ್ದ. ಮನೆಯಲ್ಲಿ ಮತ್ತೆ ಮಿಕ್ಸರ್ ಸದ್ದು ಮಾಡಿತು.

ಮೂರ್ಛೆ ಬಂದದ್ದು ಬೇಸಿಗೆಯ ರಜೆಯಲ್ಲಿ, ಬೆಳಗಿನ ಉಪ್ಪಿಟ್ಟು ತಿನ್ನುತ್ತಿದ್ದಾಗ. ನೀಲು ಕೂತಲ್ಲೇ ಮಾತು ನಿಲ್ಲಿಸಿದಳು. ಕಣ್ಣು ಎಡಕ್ಕೆ ತಿರುಗಿದವು, ಬಲಗೈ ಸೆಟೆಯಿತು, ಚಮಚ ಬಿತ್ತು. "ಏ ನೀಲೂ!" ಎಂದು ರಾಚಪ್ಪ ಕೂಗಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಕೈ ಹಿಡೀಬ್ಯಾಡ್ರಿ," ಎಂದಳು ಕಸ್ತೂರಿ. "ಬಾಜೂಕ ಕುಂದರ್ರಿ ಅಷ್ಟ."

ಮಗಳನ್ನು ನೆಲಕ್ಕೆ ಇಳಿಸಿ ಒಂದು ಮಗ್ಗುಲಾಗಿ ಮಲಗಿಸಿದಳು. ಬಾಯಲ್ಲಿದ್ದ ತುತ್ತು ತಾನಾಗಿ ಹೊರಬೀಳುವಂತೆ ಮುಖ ಬಾಗಿಸಿದಳು. ತಲೆಯ ಕೆಳಗೆ ಸೆರಗು ಮಡಚಿ ಇಟ್ಟಳು. ಆ ಸೆಳೆತ ಬಂತು, ಇತ್ತು, ಹೋಯಿತು. ನೀಲು ಕಣ್ಣು ಬಿಟ್ಟು ತಾಯಿಯನ್ನು ಯಾರೋ ಎಂಬಂತೆ ನೋಡಿದಳು. ಆಮೇಲೆ ಗುರುತು ಹಿಡಿದು, ಬಿದ್ದ ಚಮಚದ ಕಡೆ ಬೆರಳು ತೋರಿಸಿ, ಅದರ ಹೆಸರು ನೆನಪಾಗದೆ, "ಅದು... ಅದು..." ಎಂದಳು.

ಕಸ್ತೂರಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತು ಬಂದಳು. ಹೊರಗೆ ಬಂದಾಗ ಅಪ್ಪ ಮಗಳಿಗೆ ಚಮಚ ತೊಳೆದು ಕೊಡುತ್ತಿದ್ದ.

ಗುಳಿಗೆ ಶುರುವಾಯಿತು. ಗುಳಿಗೆಯಿಂದ ಬಾಯಲ್ಲಿ ಹುಣ್ಣು ಏಳುತ್ತಿತ್ತು, ಖಾರ ತಿನ್ನುವಂತಿರಲಿಲ್ಲ. ಮೂರ್ಛೆ ಪೂರ್ತಿ ನಿಲ್ಲದಿದ್ದರೂ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವಷ್ಟಕ್ಕೆ ಇಳಿಯಿತು. ನೀಲುವಿನ ಮಾತು ಹೋಗಲಿಲ್ಲ. ಮಗ್ಗಿ ಮಾತ್ರ ಕೈಗೆ ಹತ್ತಲಿಲ್ಲ, ಓದುವಾಗ ಸಾಲು ತಪ್ಪುತ್ತಿತ್ತು. ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಿಸೋಣ ಎಂದರು ಟೀಚರು. ರಾಚಪ್ಪ ಮುಖ ಸಣ್ಣ ಮಾಡಿದ. "ಕುಂದರ್ಲಿ ಬಿಡ್ರಿ," ಎಂದಳು ಕಸ್ತೂರಿ.

*

ಒಂದು ಭಾನುವಾರ ಮಧ್ಯಾಹ್ನ ಡಾ. ತಸ್ನೀಮ್ ಹೇಳದೆ ಕೇಳದೆ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚೀಲವಿತ್ತು. ಕೂದಲು ಅರ್ಧ ಬೆಳ್ಳಗಾಗಿತ್ತು. ಆಸ್ಪತ್ರೆಯ ಹೊರಗೆ ಅವರನ್ನು ಎಂದೂ ನೋಡಿರದ ನೀಲು ಬಾಗಿಲಲ್ಲೇ ನಿಂತು, "ನಂದು ಚೆಕಪ್ ಐತೇನ್ರಿ?" ಎಂದಳು.

"ಇಲ್ಲವ್ವ, ಊಟಕ್ಕ ಬಂದೀನಿ," ಎಂದರು ಅವರು.

ರಾಚಪ್ಪ ಡ್ಯೂಟಿಯ ಮೇಲಿದ್ದ. ಕಸ್ತೂರಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದಳು. ತಸ್ನೀಮ್ ನೆಲದ ಮೇಲೆ ಗೋಡೆಗೆ ಒರಗಿ ಕೂತು ತಿನ್ನುತ್ತ ವಿಷಯ ಹೇಳಿದರು. ಚಿಕಿತ್ಸೆ ನಿಂತಿತು. ಹೊಸ ಮಕ್ಕಳಿಗೆ ಇನ್ನು ಯಾರೂ ಗಡ್ಡೆ ಉಳಿಸುವುದಿಲ್ಲ. ಕಾವಲು ಕೋಣೆ ಮುಚ್ಚಿಯಾಯಿತು, ಗೋಡೆ ಖಾಲಿ.

"ಹಂಗಾರ ಎಲ್ಲಾ ವ್ಯರ್ಥ ಆತೇನ್ರಿ?"

"ಅದೂ ಅಲ್ಲ. ಪಟ್ಟಿ ನಿಲ್ಲಿಸಿದ ಮಕ್ಕಳೊಳಗ ಅರ್ಧಕ್ಕರ್ಧ ಮಕ್ಕಳಿಗೆ ಮೂರ್ಛೆ ಬಂದಿಲ್ಲ. ಬಂದವರಿಗೂ ಹಗುರ ಬಂದದ, ನೀಲುಗ ಬಂದಂಗ. ಮೊದಲಿನ ಒಂದೆರಡು ವರ್ಷ ಸಾಕಿತ್ತು ಅಂತ ಈಗ ಅನಸ್ತದ. ಆಮ್ಯಾಲೆ ಕರಗಿಸಿಬಿಡಬೇಕಿತ್ತು." ಅವರು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡರು. "ಅದನ್ನ ತಿಳಕೊಳ್ಳೂ ಹೊತ್ತಿಗೆ ಸಮರ್ಥ ಹೋದ. ಮುಂದ ಯಾರೋ ಒಬ್ಬರು ಇದನ್ನ ಸರಿಯಾಗಿ ಮಾಡ್ತಾರ. ಅವರು ನಾ ಆಗಿರೂದಿಲ್ಲ."

ಕಸ್ತೂರಿ ಇನ್ನೊಂದು ರೊಟ್ಟಿ ಹಾಕಿದಳು. "ಮೊಸರು ಹಾಕ್ಲೇನ್ರಿ?" ಎಂದಳು.

"ಹಾಕು."

ಊಟ ಮುಗಿಸಿ ಕೈ ತೊಳೆದು ಬಂದ ತಸ್ನೀಮ್ ಮಂಚದ ಅಂಚಿಗೆ ಕೂತರು. ಕಸ್ತೂರಿ ತಾಟು ತೊಳೆದು ಅಡಿಗೆಮನೆಯಿಂದ ಬರುವಷ್ಟರಲ್ಲಿ ಅವರು ಅಲ್ಲೇ ಮಗ್ಗುಲಾಗಿ, ಕನ್ನಡಕ ಹಾಕಿಕೊಂಡೇ ನಿದ್ದೆಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ನೀಲು ಹತ್ತಿರ ನಿಂತು ಬಗ್ಗಿ ನೋಡುತ್ತಿದ್ದಳು.

"ಮಮ್ಮಿ, ಇವರು ಎದ್ದೇಳ್ತಾರೇನು?"

"ಏಳ್ತಾರ. ದಣದಾರ. ನೀ ಹೊರಗ ಆಡು ಹೋಗು."

ನೀಲು ಚಪ್ಪಲಿಯನ್ನೂ ಹಾಕದೆ ಓಡಿದಳು. ಕಾಲೊನಿಯ ಮಕ್ಕಳೆಲ್ಲ ಬೇವಿನ ಮರದ ಕೆಳಗೆ ಸೇರಿ ಗದ್ದಲವೆಬ್ಬಿಸಿದ್ದರು. ಕಸ್ತೂರಿ ಡಾಕ್ಟರ ಕನ್ನಡಕವನ್ನು ಮೆಲ್ಲಗೆ ತೆಗೆದು ಕಿಟಕಿಯಲ್ಲಿ ಇಟ್ಟಳು. ಫ್ಯಾನು ಹಾಕಿದಳು. ಗದ್ದಲ ಒಳಗೆ ಬಾರದಿರಲೆಂದು ಬಾಗಿಲು ಮುಂದಕ್ಕೆ ಮಾಡಿ, ಚಾಪೆ ಹಾಸಿ ತಾನೂ ಮಂಚದ ಪಕ್ಕದಲ್ಲೇ ನೆಲಕ್ಕೆ ಒರಗಿದಳು. ಬಾಗಿಲಾಚೆಯಿಂದ ಮಕ್ಕಳ ಕೂಗಾಟ ತೆಳ್ಳಗೆ ಕೇಳುತ್ತಲೇ ಇತ್ತು. ಅದರಲ್ಲಿ ನೀಲುವಿನ ದನಿ ಯಾವುದೆಂದು ಅವಳು ಕಿವಿಗೊಡಲಿಲ್ಲ.